ನಕ್ಷೆ ಕೈಯಲ್ಲಿ ಹಿಡಿದ ಓದುಗ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಪತ್ತೇದಾರಿ ಕಾದಂಬರಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಮಿತಿಯವರು ಮರುಮಾತಿಲ್ಲದೆ ಒಪ್ಪಿದರು. ಅದಕ್ಕೆ ಮೊದಲು ಕೃತಜ್ಞತೆ ಹೇಳಬೇಕು. ನನ್ನ ವಯಸ್ಸಿನ ಎಷ್ಟೋ ಕನ್ನಡಿಗರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿಯೇ ಓದಿನ ರುಚಿ ಕಂಡವರು. ಆಮೇಲೆ ದೊಡ್ಡ ದೊಡ್ಡ ಪುಸ್ತಕಗಳ ಪರಿಚಯವಾಗಿ, ಮೊದಲು ಕೈಹಿಡಿದವನನ್ನು ಸಭೆಗಳಲ್ಲಿ ನೆನೆಯುವುದನ್ನು ಬಿಟ್ಟೆವು. ಅದು ಸರಿಯಲ್ಲ. ಈ ಪ್ರಕಾರಕ್ಕೆ ಅದರದೇ ಆದ ಶಿಸ್ತಿದೆ. ಆ ಶಿಸ್ತನ್ನು ಐವತ್ತು ವರ್ಷಕ್ಕೂ ಮೀರಿ ಬಿಡದೆ ಪಾಲಿಸಿದ ಅಗಾಥಾ ಕ್ರಿಸ್ಟಿಯವರ ಬರವಣಿಗೆಯ ಬದುಕು, ಅವರ ಪುಸ್ತಕ ಹಿಡಿದು ಊರೂರು ಸುತ್ತುವ ಓದುಗರು, ಇವೆರಡೂ ಸೇರಿ ಇವತ್ತಿನ ನನ್ನ ವಿಷಯ.

ನಾನು ಹೇಳಬೇಕೆಂದಿರುವುದು ಇಷ್ಟು. ಕ್ರಿಸ್ಟಿಯವರ ಕಾದಂಬರಿಗಳಲ್ಲಿ ಮನುಷ್ಯರೆಲ್ಲ ಸುಳ್ಳು ಹೇಳುತ್ತಾರೆ, ಒಳ್ಳೆಯವರೂ ಹೇಳುತ್ತಾರೆ. ಸ್ಥಳ ಮಾತ್ರ ಸುಳ್ಳು ಹೇಳುವುದಿಲ್ಲ. ಬಾಗಿಲು ಎಲ್ಲಿದೆ, ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ, ಸಮುದ್ರ ಯಾವಾಗ ಏರುತ್ತದೆ, ರೈಲು ಯಾವ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ ಎಂಬುದನ್ನು ಲೇಖಕಿ ಓದುಗನಿಗೆ ಪ್ರಾಮಾಣಿಕವಾಗಿ ಕೊಡುತ್ತಾರೆ. ಓದುಗ ಮುಂದೊಂದು ದಿನ ಆ ಊರಿಗೆ ಹೊರಡುವುದು ಆ ಪ್ರಾಮಾಣಿಕತೆಯನ್ನು ಕಣ್ಣಾರೆ ಕಾಣಲು. ಯಾವ ಕಾದಂಬರಿಯಲ್ಲಿ ಕೊಲೆ ಮಾಡಿದವರು ಯಾರು ಎಂದು ಇಲ್ಲಿ ಹೇಳುವುದಿಲ್ಲ. ಇನ್ನೂ ಓದದವರು ನಿಶ್ಚಿಂತೆಯಿಂದ ಕೂತಿರಬಹುದು.

ಕ್ರಿಸ್ಟಿ ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಟಾರ್ಕಿ ಎಂಬ ಕಡಲತಡಿಯ ಊರಿನಲ್ಲಿ. ಹನ್ನೊಂದನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. ಪತ್ತೇದಾರಿ ಕಥೆ ಬರೆಯುವುದು ನಿನ್ನ ಕೈಲಾಗದು ಎಂದು ಅಕ್ಕ ಮ್ಯಾಡ್ಜ್ ಒಡ್ಡಿದ ಸವಾಲು ಮನಸ್ಸಿನಲ್ಲಿ ಕೂತಿತ್ತು. ಅದಕ್ಕೆ ಉತ್ತರ ಕೊಡುವ ಕಾಲ ಬಂದದ್ದು ಮೊದಲ ಮಹಾಯುದ್ಧದ ವೇಳೆ. ಗಾಯಗೊಂಡ ಸೈನಿಕರಿಗಾಗಿ ಟಾರ್ಕಿಯ ಟೌನ್‌ಹಾಲ್ ಆಸ್ಪತ್ರೆಯಾಗಿತ್ತು. ಅಲ್ಲಿ ಮೊದಲು ದಾದಿಯಾಗಿ, ಬಳಿಕ ಔಷಧಾಲಯದಲ್ಲಿ ಕೆಲಸ ಮಾಡಿದರು. ಔಷಧ ತಯಾರಿಕೆಯ ಪರೀಕ್ಷೆಯನ್ನೂ ಪಾಸು ಮಾಡಿಕೊಂಡರು.

ಆ ಔಷಧಾಲಯದ ದಿನಗಳ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಸುತ್ತಲೂ ಕಪಾಟು, ಕಪಾಟಿನ ತುಂಬ ಬಾಟಲಿ, ಅರ್ಧಕ್ಕರ್ಧ ವಿಷ. ಕೆಲವು ಹೊತ್ತು ಕೈಗೆ ಬಿಡುವಿಲ್ಲದಷ್ಟು ಕೆಲಸ, ಕೆಲವು ಹೊತ್ತು ಸುಮ್ಮನೆ ಕೂರುವುದು. ಆ ಬಿಡುವಿನಲ್ಲಿ ಮೊದಲ ಕಾದಂಬರಿಯ ಯೋಚನೆ ಮೊಳೆಯಿತು; ಸುತ್ತ ವಿಷವೇ ಇದ್ದುದರಿಂದ ಸಾವೂ ವಿಷದಿಂದಲೇ ಆಯಿತು. ಆ ಕೆಲಸ ಕಲಿಯುವಾಗ ನಡೆದದ್ದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಕಲಿಸುತ್ತಿದ್ದ ಊರಿನ ಔಷಧ ವ್ಯಾಪಾರಿ ಒಮ್ಮೆ ಪ್ರಮಾಣ ಲೆಕ್ಕಹಾಕುವಾಗ ದಶಾಂಶದ ಚುಕ್ಕೆ ತಪ್ಪಾಗಿ ಇಟ್ಟರು. ಔಷಧ ಹತ್ತು ಪಟ್ಟು ತೀಕ್ಷ್ಣವಾಯಿತು. ಕಲಿಯಲು ಬಂದ ಹುಡುಗಿ ಎಲ್ಲರೆದುರು ಗುರುವಿನ ತಪ್ಪು ತೋರಿಸುವುದು ಹೇಗೆ? ಕ್ರಿಸ್ಟಿ ಎಡವಿದಂತೆ ಮಾಡಿ ತಟ್ಟೆಯನ್ನು ಕೆಡವಿ, ಬಿದ್ದ ಔಷಧವನ್ನು ಕಾಲಿನಿಂದ ಗಟ್ಟಿಯಾಗಿ ಮೆಟ್ಟಿ, ಕ್ಷಮೆ ಕೇಳಿದರು. ಅದೇ ವ್ಯಕ್ತಿ ಜೇಬಿನಲ್ಲಿ ಕ್ಯುರಾರೆ ಎಂಬ ವಿಷದ ತುಂಡೊಂದನ್ನು ಇಟ್ಟುಕೊಂಡು ತಿರುಗುತ್ತಿದ್ದರಂತೆ. ಅದು ಜೇಬಿನಲ್ಲಿದ್ದರೆ ತಾನು ಬಲಶಾಲಿ ಅನ್ನಿಸುತ್ತದೆ ಎಂದು ಆಕೆಗೆ ಹೇಳಿದ್ದರಂತೆ. ನಲವತ್ತು ವರ್ಷ ದಾಟಿದ ಮೇಲೆ, 1961ರಲ್ಲಿ ಪ್ರಕಟವಾದ ‘ದಿ ಪೇಲ್ ಹಾರ್ಸ್’ ಬರೆಯುವಾಗ ಕ್ರಿಸ್ಟಿಗೆ ಆ ಮನುಷ್ಯ ಮತ್ತೆ ನೆನಪಾದ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಚುಕ್ಕೆ. ಒಂದು ಚುಕ್ಕೆ ಆ ಕಡೆ ಸರಿದರೆ ಮದ್ದು, ಈ ಕಡೆ ಸರಿದರೆ ಸಾವು. ಹಾಗೆ ನೋಡಲು ಕಲಿತ ಕಣ್ಣು ಮನೆಯ ಕೋಣೆಗಳನ್ನೂ ಹಾಗೆಯೇ ನೋಡುತ್ತದೆ. ಯಾವ ಬಾಗಿಲಿಗೆ ಒಳಗಡೆಯಿಂದ ಅಗುಳಿ, ಯಾವುದಕ್ಕೆ ಹೊರಗಡೆಯಿಂದ? ಬೀಗದ ಕೈ ಯಾರ ಹತ್ತಿರ? ಅವರ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ನಲ್ಲಿ ಮನೆಯ ನಕ್ಷೆ ಅಚ್ಚಾಗಿದೆ. ಔಷಧಶಾಸ್ತ್ರದ ವೃತ್ತಿಪತ್ರಿಕೆಯೊಂದು ಆ ಪುಸ್ತಕವನ್ನು ವಿಮರ್ಶಿಸುತ್ತ, ವಿಷದ ವಿಚಾರವನ್ನು ಲೇಖಕಿ ತಿಳಿದು ಬರೆದಿದ್ದಾರೆ ಎಂದು ಮೆಚ್ಚಿತು. ಆ ಮೆಚ್ಚುಗೆ ಅವರಿಗೆ ಬೇರೆಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತ್ತು.

ಆ ಕಾದಂಬರಿ ಅರ್ಧಕ್ಕೆ ಬಂದು ನಿಂತುಹೋದಾಗ, ರಜೆ ಸಿಕ್ಕರೆ ಎಲ್ಲಾದರೂ ಹೋಗಿ ಮುಗಿಸಿಕೊಂಡು ಬಾ ಎಂದವರು ತಾಯಿ ಕ್ಲಾರಾ. ಡಾರ್ಟ್‌ಮೂರ್‌ನ ಹೇಟಾರ್ ಬಳಿ ಮೂರ್‌ಲ್ಯಾಂಡ್ ಎಂಬ ಹೋಟೆಲು. ಬೆಳಗ್ಗೆ ಕೈ ನೋಯುವವರೆಗೂ ಬರೆಯುವುದು, ಮಧ್ಯಾಹ್ನ ಊಟವಾದ ಮೇಲೆ ಆ ಬಟ್ಟಬಯಲಿನಲ್ಲಿ ಮುಂದಿನ ಅಧ್ಯಾಯದ ಮಾತುಗಳನ್ನು ತಾನೇ ಆಡಿಕೊಳ್ಳುತ್ತ ಒಬ್ಬಳೇ ನಡೆಯುವುದು. ಬಂಡೆ, ಗಾಳಿ, ಕುರುಚಲು ಗಿಡ ಬಿಟ್ಟರೆ ಕೇಳುವವರು ಯಾರೂ ಇಲ್ಲ. ಹಸ್ತಪ್ರತಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂತಿರುಗಿಸಿದರು. ಕೊನೆಗೆ ಬಾಡ್ಲಿ ಹೆಡ್ ಸಂಸ್ಥೆಯ ಜಾನ್ ಲೇನ್, ಕೊನೆಯ ಅಧ್ಯಾಯವನ್ನು ಬದಲಿಸಬೇಕೆಂಬ ಷರತ್ತಿನ ಮೇಲೆ ಒಪ್ಪಿಕೊಂಡರು. ಮೂಲದಲ್ಲಿ ಸಾಕ್ಷಿಯೆಲ್ಲ ನ್ಯಾಯಾಲಯದಲ್ಲಿ ಬಿಚ್ಚಿಕೊಳ್ಳುತ್ತಿತ್ತು. ತಿದ್ದಿದ ಮೇಲೆ ಅದು ಮನೆಯ ಹಜಾರಕ್ಕೆ ಬಂತು. ಪತ್ತೇದಾರ ಹರ್ಕ್ಯೂಲ್ ಪ್ವಾರೋ ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಿದ. ಮುಂದೆ ಲೋಕಪ್ರಸಿದ್ಧವಾದ ಆ ಮುಕ್ತಾಯದ ಬಗೆ ಹುಟ್ಟಿದ್ದು ಒಬ್ಬ ಪ್ರಕಾಶಕನ ಸಲಹೆಯಿಂದ. ಪುಸ್ತಕ 1920ರಲ್ಲಿ ಅಮೆರಿಕದಲ್ಲಿ, ಮರುವರ್ಷ ಇಂಗ್ಲೆಂಡಿನಲ್ಲಿ ಹೊರಬಂತು. ಅದರಿಂದ ಲೇಖಕಿಯ ಕೈಗೆ ಬಂದದ್ದು 25 ಪೌಂಡು.

ಇನ್ನು ಅವರು ಕೂತು ಬರೆಯುತ್ತಿದ್ದ ಜಾಗ. ಲೇಖಕರ ಮನೆ ನೋಡಲು ಹೋಗುವ ನಾವೆಲ್ಲ ಮೊದಲು ಹುಡುಕುವುದು ಬರೆಯುವ ಮೇಜನ್ನು. ಕ್ರಿಸ್ಟಿಯ ವಿಷಯದಲ್ಲಿ ಅದು ಸಿಗುವುದು ಕಷ್ಟ. ಮೇಜಿನ ಮುಂದೆ ಕೂತ ಫೋಟೋ ಬೇಕೆಂದು ಪತ್ರಿಕೆಯವರು ಕೇಳಿದಾಗಲೆಲ್ಲ ಅವರಿಗೆ ಮುಜುಗರವಾಗುತ್ತಿತ್ತು. ತನಗೆ ಬೇಕಾದ್ದು ಅಲುಗಾಡದ ಒಂದು ಮೇಜು, ಒಂದು ಟೈಪ್‌ರೈಟರ್, ಅಷ್ಟೇ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಮಲಗುವ ಕೋಣೆಯಲ್ಲಿ ಮುಖ ತೊಳೆಯಲು ಇಟ್ಟ ಅಮೃತಶಿಲೆಯ ಮೇಜೂ ನಡೆಯುತ್ತಿತ್ತು, ಊಟದ ಮೇಜೂ ನಡೆಯುತ್ತಿತ್ತು. ಕಥೆ ಹೊಳೆಯುತ್ತಿದ್ದದ್ದು ಪಾತ್ರೆ ತೊಳೆಯುವಾಗ, ಬಚ್ಚಲ ತೊಟ್ಟಿಯಲ್ಲಿ ಸೇಬು ತಿನ್ನುತ್ತ ಕೂತಾಗ. ಹೊಳೆದದ್ದನ್ನು ಕೈಗೆ ಸಿಕ್ಕ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದರು. ಅಂಥ 73 ನೋಟ್‌ಬುಕ್ಕುಗಳು ಉಳಿದುಬಂದಿವೆ. ಜಾನ್ ಕರನ್ ಎಂಬ ವಿದ್ವಾಂಸರು ಆ ಕೈಬರಹವನ್ನು ತಾಳ್ಮೆಯಿಂದ ಓದಿ 2009ರಲ್ಲಿ ಪುಸ್ತಕವನ್ನೇ ತಂದರು. ಒಂದು ಪುಟದಲ್ಲಿ ಕೊಲೆಯ ಹೊಂಚು, ಪಕ್ಕದ ಪುಟದಲ್ಲಿ ತರಬೇಕಾದ ಸಾಮಾನಿನ ಪಟ್ಟಿ. ಒಂದೇ ಕಾದಂಬರಿಯ ಟಿಪ್ಪಣಿ ನಾಲ್ಕಾರು ಪುಸ್ತಕಗಳಲ್ಲಿ ಚೆಲ್ಲಾಪಿಲ್ಲಿ. ದೃಶ್ಯಗಳಿಗೆ ಎ, ಬಿ, ಸಿ ಎಂದು ಗುರುತು ಹಾಕಿ, ಆಮೇಲೆ ಅಕ್ಷರಗಳನ್ನಷ್ಟೇ ಹಿಂದೆಮುಂದೆ ಮಾಡಿ ಕಥೆ ಜೋಡಿಸಿದ ಪುಟಗಳೂ ಅಲ್ಲಿವೆ. 66 ಪತ್ತೇದಾರಿ ಕಾದಂಬರಿಗಳು ಬಂದದ್ದು ಇಂಥ ಗೃಹಕೃತ್ಯದ ನಡುವಿನ ಬರವಣಿಗೆಯಿಂದ ಎಂಬುದು ನನಗೆ ಬಹಳ ದೊಡ್ಡ ಸಂಗತಿ. ಮನೆಯ ಕೆಲಸದ ನಡುವೆ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟು ಬರೆದ ನಮ್ಮ ಎಷ್ಟೋ ಲೇಖಕಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1926 ಅವರ ಪಾಲಿಗೆ ಕೆಟ್ಟ ವರ್ಷ. ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಹೊರಬಂದು ಹೆಸರು ತಂದ ವರ್ಷವೇ ತಾಯಿ ತೀರಿಕೊಂಡರು, ಗಂಡ ಬೇರೆ ಹೆಣ್ಣಿನ ಹೆಸರು ಹೇಳಿದ. ಡಿಸೆಂಬರ್ 3ರ ರಾತ್ರಿ ಮನೆ ಬಿಟ್ಟ ಕ್ರಿಸ್ಟಿ ಹನ್ನೊಂದು ದಿನ ಯಾರಿಗೂ ಸಿಗಲಿಲ್ಲ. ಸಿಕ್ಕಿದ್ದು ಉತ್ತರದ ಹ್ಯಾರೋಗೇಟ್ ಎಂಬ ಊರಿನ ಹೋಟೆಲಿನಲ್ಲಿ, ಬೇರೆ ಹೆಸರಿನಲ್ಲಿ. ಆ ಹೋಟೆಲು ಈಗಲೂ ಇದೆ, ಅದನ್ನು ನೋಡಲು ಹೋಗುವವರೂ ಇದ್ದಾರೆ. ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಿಬಿಡುತ್ತೇನೆ: ಓದುಗನ ಯಾತ್ರೆ ಆ ಹೋಟೆಲಿನ ಬಾಗಿಲಿನಲ್ಲಿ ನಿಲ್ಲಬೇಕು. ಆತ್ಮಕಥೆಯಲ್ಲಿ ಆಕೆ ಆ ದಿನಗಳ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಕಾದಂಬರಿಯಲ್ಲಿ ಲೇಖಕಿ ಒಡ್ಡಿದ ಒಗಟನ್ನು ಬಿಡಿಸುವ ಹಕ್ಕು ಓದುಗನಿಗಿದೆ. ನೊಂದ ಹೆಂಗಸಿನ ಮೌನ ಅಂಥ ಒಗಟಲ್ಲ.

ಆ ಕತ್ತಲೆಯಿಂದ ಅವರನ್ನು ಹೊರತಂದದ್ದು ಒಂದು ರೈಲು ಎಂದರೆ ತಪ್ಪಾಗಲಾರದು. ವಿವಾಹ ವಿಚ್ಛೇದನವಾದ 1928ರಲ್ಲಿ, ವೆಸ್ಟ್ ಇಂಡೀಸಿಗೆ ಹೊರಡಲು ಟಿಕೆಟ್ ಮಾಡಿಸಿದ್ದವರು, ಊಟದ ಮನೆಯೊಂದರಲ್ಲಿ ಯಾರೋ ಬಾಗ್ದಾದಿನ ಮಾತೆತ್ತಿದ್ದನ್ನು ಕೇಳಿ ಮರುದಿನವೇ ಟಿಕೆಟ್ ಬದಲಿಸಿದರು. ಓರಿಯಂಟ್ ಎಕ್ಸ್‌ಪ್ರೆಸ್ ಹತ್ತಿ ಇಸ್ತಾಂಬುಲ್, ಅಲ್ಲಿಂದ ಡಮಾಸ್ಕಸ್, ಮರಳುಗಾಡು ದಾಟಿ ಬಾಗ್ದಾದ್, ಮುಂದೆ ಉತ್ಖನನ ನಡೆಯುತ್ತಿದ್ದ ಉರ್. ಎರಡನೆಯ ಸಲ ಉರ್‌ಗೆ ಹೋದಾಗ ಪರಿಚಯವಾದ ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೋವನ್‌ರನ್ನು 1930ರ ಸೆಪ್ಟೆಂಬರಿನಲ್ಲಿ ಮದುವೆಯಾದರು. ಅಲ್ಲಿಂದ ಮುಂದೆ ಎಷ್ಟೋ ವರ್ಷ, ಯುದ್ಧದ ಕಾಲವೊಂದನ್ನು ಬಿಟ್ಟು, ಉತ್ಖನನದ ಋತು ಬಂತೆಂದರೆ ಇರಾಕಿಗೋ ಸಿರಿಯಾಕ್ಕೋ ಗಂಡನೊಡನೆ ಪಯಣ.

ಹೀಗೆ ಸುತ್ತಿದವರು ಪ್ರವಾಸ ಕಥನ ಬರೆದಂತೆ ಕಾದಂಬರಿ ಬರೆಯಲಿಲ್ಲ. ಸ್ಥಳವನ್ನು ಅವರು ಆರಿಸುತ್ತಿದ್ದದ್ದು ಅದು ಹೇಗೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ನೋಡಿ. 1929ರ ಚಳಿಗಾಲದಲ್ಲಿ ಟರ್ಕಿಯ ಚೆರ್ಕೆಜ್‌ಕೋಯ್ ಬಳಿ ಓರಿಯಂಟ್ ಎಕ್ಸ್‌ಪ್ರೆಸ್ ಹಿಮದಲ್ಲಿ ಹೂತು ದಿನಗಟ್ಟಲೆ ನಿಂತಿತ್ತು. 1931ರ ಡಿಸೆಂಬರಿನಲ್ಲಿ ಕ್ರಿಸ್ಟಿಯವರೇ ಒಂಟಿಯಾಗಿ ಊರಿಗೆ ಮರಳುವಾಗ ಮಳೆಗೆ ಹಳಿ ಕೊಚ್ಚಿಹೋಗಿ ರೈಲು ನಿಂತುಬಿಟ್ಟಿತು. ಸಹಪ್ರಯಾಣಿಕರು ಹೇಗೆ ಹೇಗೆ ವರ್ತಿಸಿದರು ಎಂದು ಗಂಡನಿಗೆ ಉದ್ದವಾದ ಕಾಗದ ಬರೆದರು. 1934ರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಇವೆರಡೂ ಸೇರಿ ಆದದ್ದು. ಹಿಮ ಬಿದ್ದ ಮೇಲೆ ರೈಲಿನಿಂದ ಯಾರೂ ಇಳಿದು ಹೋಗುವಂತಿಲ್ಲ, ಹೋದರೆ ಹೆಜ್ಜೆಗುರುತು ಉಳಿಯುತ್ತದೆ. ಇನ್ನು ಪತ್ತೇದಾರ ನೋಡಬೇಕಾದ್ದು ಒಂದು ಬೋಗಿಯಷ್ಟೇ. 1937ರ ‘ಡೆತ್ ಆನ್ ದಿ ನೈಲ್’ನಲ್ಲಿ ಹಿಮದ ಕೆಲಸವನ್ನು ನೈಲ್ ನದಿ ಮಾಡುತ್ತದೆ.

ಡೆವನ್‌ನ ಕರಾವಳಿಯಲ್ಲಿರುವ ಬರ್ಗ್ ಐಲೆಂಡ್ ಇದಕ್ಕೆ ನನಗೆ ಅತ್ಯಂತ ಪ್ರಿಯವಾದ ಉದಾಹರಣೆ. ಇಳಿತದ ಹೊತ್ತಿನಲ್ಲಿ ದಡದಿಂದ ಮರಳಿನ ಮೇಲೆ ನಡೆದೇ ಅಲ್ಲಿಗೆ ಹೋಗಬಹುದು. ಭರತ ಬಂದಾಗ ಎತ್ತರದ ಕಾಲುಗಳ ಮೇಲೆ ನಿಂತ ಟ್ರ್ಯಾಕ್ಟರೊಂದು ನೀರಿನಲ್ಲೇ ಜನರನ್ನು ದಾಟಿಸುತ್ತದೆ. ದಿನಕ್ಕೆರಡು ಸಲ ಬಾಗಿಲು ಮುಚ್ಚಿ ತೆರೆಯುವ ದ್ವೀಪ. ಇದೇ ನೆಲದಿಂದ ಕ್ರಿಸ್ಟಿ ಎರಡು ಕಾದಂಬರಿ ತೆಗೆದರು. 1941ರ ‘ಈವಿಲ್ ಅಂಡರ್ ದಿ ಸನ್’ನಲ್ಲಿ ದ್ವೀಪ ಇದ್ದ ಹಾಗೆಯೇ ಇದೆ: ಹೋಟೆಲು, ಭರತಕ್ಕೆ ಮುಳುಗುವ ದಾರಿ, ಬಂಡೆಗಳ ಮರೆಯ ಕೊಲ್ಲಿಗಳು. ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ನಡೆದರೆ ಎಷ್ಟು ಹೊತ್ತು, ದೋಣಿಯಲ್ಲಾದರೆ ಎಷ್ಟು ಹೊತ್ತು ಎಂಬುದರ ಮೇಲೆ ಕಥೆಯೇ ನಿಂತಿದೆ. ಅದಕ್ಕೂ ಮೊದಲು 1939ರಲ್ಲಿ ‘ಆ್ಯಂಡ್ ದೆನ್ ದೇರ್ ವರ್ ನನ್’ ಬರೆಯುವಾಗ ಮರಳಿನ ದಾರಿಯನ್ನೇ ಅಳಿಸಿ ದ್ವೀಪವನ್ನು ಒಳಸಮುದ್ರಕ್ಕೆ ತಳ್ಳಿದರು. ಹತ್ತು ಜನ, ಬರದೇ ಇರುವ ದೋಣಿ. ಓದುಗ ಅಲ್ಲಿಗೆ ಹೋಗಿ ನಿಂತರೆ, ಲೇಖಕಿ ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಕತ್ತರಿಸಿದರು ಎಂಬುದು ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಬರವಣಿಗೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ತರಗತಿಯಲ್ಲಿ ಸಿಗಲಾರದು.

ಹಾಗೆಯೇ ಗ್ರೀನ್‌ವೇ. ಡಾರ್ಟ್ ನದಿಯ ದಂಡೆಯ ಮೇಲಿನ ಈ ಬಿಳಿಯ ಮನೆಯನ್ನು 1938ರಲ್ಲಿ ಕ್ರಿಸ್ಟಿ ದಂಪತಿ 6,000 ಪೌಂಡಿಗೆ ಕೊಂಡರು. ಬೇಸಿಗೆಯ ರಜೆಗೆ ಬಂದು ಇರುವ ಮನೆ. ಸಂಜೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊಸ ಕಾದಂಬರಿ ಓದಿ ಹೇಳುತ್ತಿದ್ದರು, ಅವರು ಊಹೆ ಮಾಡುತ್ತಿದ್ದರು. ಯುದ್ಧಕಾಲದಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಅಧಿಕಾರಿಗಳು ಇಲ್ಲಿ ಬಿಡಾರ ಹೂಡಿದ್ದರು. ಅವರಲ್ಲೊಬ್ಬ ಗ್ರಂಥಾಲಯದ ಗೋಡೆಯ ಮೇಲ್ತುದಿಯಲ್ಲಿ ತಮ್ಮ ಪಯಣದ ಚಿತ್ರಪಟ್ಟಿ ಬರೆದ. ಕ್ರಿಸ್ಟಿ ಅದನ್ನು ಅಳಿಸಗೊಡಲಿಲ್ಲ. 2000ದಲ್ಲಿ ಕುಟುಂಬದವರು ಆಸ್ತಿಯನ್ನು ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದರು. 2009ರಿಂದ ಮನೆಯ ಒಳಗೂ ಜನರಿಗೆ ಪ್ರವೇಶ.

ಅಲ್ಲಿ ಮನೆಗಿಂತ ಮಿಗಿಲಾದದ್ದು ಮನೆಯಿಂದ ನದಿಗೆ ಇಳಿಯುವ ಕಾಲುದಾರಿ. ಕಾಡು ಬೆಳೆದ ಇಳಿಜಾರಿನಲ್ಲಿ ಸುತ್ತಿ ಇಳಿದರೆ ನೀರಿನ ಅಂಚಿಗೆ ದೋಣಿಮನೆ: ಮೇಲೆ ಬೆಂಕಿಗೂಡು ಇರುವ ಒಂದು ಕೋಣೆ, ಕೆಳಗೆ ಭರತದ ನೀರೇ ತುಂಬಿಕೊಳ್ಳುವ ಸ್ನಾನದ ಕೊಳ. 1956ರ ‘ಡೆಡ್ ಮ್ಯಾನ್ಸ್ ಫಾಲಿ’ಯಲ್ಲಿ ಹೆಣ ಸಿಗುವುದು ಇಲ್ಲಿ. ಮನೆಯ ಹೆಸರು, ನದಿಯ ಹೆಸರು ಬದಲಾಗಿವೆ, ನೆಲ ಬದಲಾಗಿಲ್ಲ. ಆ ಕಾದಂಬರಿಯ ಹಂದರವನ್ನು ಗಮನಿಸಿ. ದೊಡ್ಡಮನೆಯಲ್ಲಿ ಊರಹಬ್ಬ. ಅದಕ್ಕಾಗಿ ಆರಿಯಾಡ್ನೆ ಆಲಿವರ್ ಎಂಬ ಪತ್ತೇದಾರಿ ಕಾದಂಬರಿಕಾರ್ತಿಯನ್ನು ಕರೆಸಿ ‘ಕೊಲೆಗಾರನ ಬೇಟೆ’ ಎಂಬ ಆಟ ಕಟ್ಟಿಸುತ್ತಾರೆ. ಬಂದವರು ಕೈಯಲ್ಲೊಂದು ಸುಳಿವಿನ ಚೀಟಿ ಹಿಡಿದು, ತೋಟದ ದಾರಿಗಳಲ್ಲಿ ಅಲೆದು, ದೋಣಿಮನೆ ತಲುಪಿ, ಹೆಣದಂತೆ ನಟಿಸುತ್ತ ಮಲಗಿದ ಹುಡುಗಿಯನ್ನು ಕಂಡುಹಿಡಿಯಬೇಕು. ಆದರೆ ಆಟ ಹೆಣೆಯುವಾಗ ಅದು ಇಲ್ಲಿ ಬೇಡ ಅಲ್ಲಿರಲಿ, ಇದು ಹೀಗಿದ್ದರೆ ಚೆಂದ ಎಂದು ಯಾರೋ ತನ್ನನ್ನು ಮೆಲ್ಲಗೆ ತಿರುಗಿಸುತ್ತಿದ್ದಾರೆ ಅನ್ನಿಸಿ ಆ ಲೇಖಕಿ ಪ್ವಾರೋಗೆ ಫೋನು ಮಾಡಿ ಕರೆಸುತ್ತಾರೆ. ಒಂದು ಜಾಗವನ್ನು ತುಸು ಅತ್ತಿತ್ತ ಮಾಡಿಸಿದರೂ ಕಥೆ ಕಟ್ಟುವವಳಿಗೆ ಅದು ಗೊತ್ತಾಗಿಬಿಡುತ್ತದೆ! ಕ್ರಿಸ್ಟಿ ತನ್ನ ವೃತ್ತಿಯ ಒಳಗುಟ್ಟನ್ನು ಇಷ್ಟು ನೇರವಾಗಿ ಬೇರೆಲ್ಲೂ ಹೇಳಿದಂತೆ ನನಗೆ ಕಾಣುವುದಿಲ್ಲ. ಇವತ್ತು ಗ್ರೀನ್‌ವೇಯಲ್ಲಿ ಪುಸ್ತಕ ಹಿಡಿದು ಇಳಿಯುವ ಓದುಗರು ಆ ಕಾದಂಬರಿಯೊಳಗಿನ ಆಟಗಾರರ ದಾರಿಯನ್ನೇ ತುಳಿಯುತ್ತಿದ್ದಾರೆ. ಡೇವಿಡ್ ಸುಶೆ ಅಭಿನಯದ ಪ್ವಾರೋ ಸರಣಿಯೂ ಈ ಕಥೆಯನ್ನು ಇದೇ ಅಂಗಳದಲ್ಲಿ ಚಿತ್ರಿಸಿತು.

ಅದೇ ತೋಟದ ನದಿಯಂಚಿನಲ್ಲಿ ಹಳೆಯ ಫಿರಂಗಿಗಳಿರುವ ಮೋಟುಗೋಡೆಯ ಜಾಗವೊಂದಿದೆ. ‘ಫೈವ್ ಲಿಟಲ್ ಪಿಗ್ಸ್’ನಲ್ಲಿ ಚಿತ್ರಕಾರನೊಬ್ಬ ಚಿತ್ರ ಬರೆಯುತ್ತಲೇ ಸಾಯುವುದು ಅಂಥದೇ ಜಾಗದಲ್ಲಿ. ಮನೆಯಿಂದ ಕೂಗಿದರೆ ಅಲ್ಲಿಗೆ ಕೇಳುತ್ತದೆಯೇ, ಮೇಲಿನ ದಾರಿಯಲ್ಲಿ ನಿಂತವರಿಗೆ ಅಲ್ಲಿ ಕೂತವರು ಕಾಣುತ್ತಾರೆಯೇ ಎಂದು ನಿಂತು ನೋಡುವವರನ್ನು ಕಂಡರೆ ನನಗೆ ಗೌರವ. ಅವರು ಪುಸ್ತಕವನ್ನು ಸರಿಯಾಗಿ ಓದಿದವರು.

ನಮ್ಮಲ್ಲಿ ಕುಪ್ಪಳಿಗೆ ಹೋಗುವವರ ಭಾವ ಬೇರೆ. ಕವಿಶೈಲದ ಬಂಡೆಯ ಮೇಲೆ ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಅವರ ಹೆಸರಿನ ಗುರುತುಗಳನ್ನು ಕಂಡು ಕೈಮುಗಿಯುತ್ತೇವೆ. ಅಲ್ಲಿ ಯಾವುದನ್ನೂ ಪರೀಕ್ಷಿಸಲು ಹೋಗುವುದಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ನೋಡಿದವರು ಮಾಲ್ಗುಡಿ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ, ಭೂಪಟದಲ್ಲಿ ಅದು ಸಿಗುವುದಿಲ್ಲ, ಸಿಗದಿದ್ದರೂ ನಷ್ಟವಿಲ್ಲ. ಪತ್ತೇದಾರಿ ಓದುಗನಿಗೆ ಮಾತ್ರ ಸಿಗಲೇಬೇಕು. ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ ಕಾನನ್ ಡಾಯ್ಲ್ ಬರೆಯುವ ಕಾಲಕ್ಕೆ ಅವರ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ವಿಳಾಸವಾದ 221 ಎಂಬ ನಂಬರೇ ಇರಲಿಲ್ಲ. ಆಮೇಲೆ ಬೀದಿಯ ನಂಬರುಗಳು ಬದಲಾಗಿ ಆ ವಿಳಾಸ ಒಂದು ಹಣಕಾಸು ಸಂಸ್ಥೆಯ ಪಾಲಿಗೆ ಬಂದಾಗ, ಹೋಮ್ಸ್‌ಗೆ ಬರುತ್ತಿದ್ದ ಕಾಗದಗಳಿಗೆ ಉತ್ತರ ಬರೆಯಲೆಂದೇ ಅವರು ಒಬ್ಬರನ್ನು ನೇಮಿಸಬೇಕಾಯಿತು.

ಹೋಗಿ ನೋಡಲಾಗದ ಜಾಗಗಳೂ ಇವೆ. ಕ್ರಿಸ್ಟಿ ಹುಟ್ಟಿದ ಆಶ್‌ಫೀಲ್ಡ್ ಮನೆ ಈಗಿಲ್ಲ. ಅದನ್ನು ಕೆಡವುತ್ತಾರೆಂದು ತಿಳಿದು ಉಳಿಸಿಕೊಳ್ಳಲು ಪ್ರಯತ್ನಪಟ್ಟರು, ತಡವಾಗಿತ್ತು. ಆ ಬೀದಿಗೆ ಕಾಲಿಡಲು ಒಂದೂವರೆ ವರ್ಷ ಅವರಿಗೆ ಮನಸ್ಸು ಗಟ್ಟಿಯಾಗಲಿಲ್ಲ. ಇರಾಕಿನ ನಿಮ್ರೂದ್‌ನಲ್ಲಿ 1949ರಿಂದ ಮ್ಯಾಲೋವನ್ ನಡೆಸಿದ ಉತ್ಖನನದ ಬಿಡಾರಕ್ಕೆ ಹೊಂದಿಕೊಂಡು, 50 ಪೌಂಡು ಕೊಟ್ಟು, ಹಸಿ ಇಟ್ಟಿಗೆಯ ಒಂದು ಸಣ್ಣ ಕೋಣೆ ಕಟ್ಟಿಸಿಕೊಂಡಿದ್ದರು. ಬಾಗಿಲ ಮೇಲೆ ಕ್ಯೂನಿಫಾರ್ಮ್ ಲಿಪಿಯಲ್ಲಿ ‘ಬೇಯ್ತ್ ಅಗಾಥಾ’ ಎಂಬ ಫಲಕ. ಬರೆಯಲೆಂದು ತಮ್ಮದೇ ಆದ ಕೋಣೆಯೊಂದು ಅವರಿಗೆ ಅಲ್ಲಿತ್ತು. 1950ರ ಏಪ್ರಿಲಿನಲ್ಲಿ ಆತ್ಮಕಥೆಯನ್ನು ಶುರುಮಾಡಿದ್ದೂ ನಿಮ್ರೂದ್‌ನಲ್ಲಿಯೇ. ಬರೆಯದ ಹೊತ್ತಿನಲ್ಲಿ, ಸುಮಾರು ಇಪ್ಪತ್ತೆಂಟು ಶತಮಾನ ಹಳೆಯ ದಂತದ ಕೆತ್ತನೆಗಳ ಸಂದಿಯಿಂದ ಹೆಣಿಗೆಯ ಸಣ್ಣ ಕಡ್ಡಿಯಲ್ಲಿ ಮಣ್ಣು ಬಿಡಿಸಿ, ಒಣಗಿ ಸೀಳದಂತೆ ತಮ್ಮ ಮುಖದ ಕ್ರೀಮಿನಿಂದ ಒರೆಸುತ್ತಿದ್ದರು. ಮುಖಕ್ಕೆ ಕ್ರೀಮು ಉಳಿಯುತ್ತಿರಲಿಲ್ಲವಂತೆ. 2015ರಲ್ಲಿ ಉಗ್ರರು ನಿಮ್ರೂದ್‌ನ ಅರಮನೆಯನ್ನು ಸಿಡಿಸಿ ಪುಡಿಮಾಡಿದರು. ಅಲ್ಲಿಯ ದಂತದ ಕೆತ್ತನೆಗಳಲ್ಲಿ ಒಂದು ಭಾಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮಕ್ಕಳು ಮೊಮ್ಮಕ್ಕಳನ್ನು ನೋಡಲು ಲಂಡನ್ನಿಗೆ ಹೋಗುವ ಕನ್ನಡಿಗರು ಈಗ ಬಹಳ. ಅರ್ಧ ದಿನ ಬಿಡುವು ಮಾಡಿಕೊಂಡು ಅವನ್ನು ನೋಡಿ ಬನ್ನಿ.

ಕೊನೆಯದಾಗಿ ಪ್ರಕಾಶಕರಲ್ಲಿ, ಅನುವಾದಕರಲ್ಲಿ ಒಂದು ಕೋರಿಕೆ. ಸ್ಟೈಲ್ಸ್ ಮನೆಯ ನಕ್ಷೆ, ಆಕ್ರಾಯ್ಡ್‌ನ ಓದುವ ಕೋಣೆಯ ನಕ್ಷೆ, ಓರಿಯಂಟ್ ಎಕ್ಸ್‌ಪ್ರೆಸ್ಸಿನ ಬೋಗಿಯಲ್ಲಿ ಯಾರು ಎಲ್ಲಿ ಮಲಗಿದ್ದರು ಎಂಬ ನಕ್ಷೆ, ನೈಲ್ ಹಡಗಿನ ಕೋಣೆಗಳ ನಕ್ಷೆ, ಇವೆಲ್ಲ ಮೂಲದಲ್ಲಿ ಕಥೆಯ ಅಂಗವಾಗಿ ಅಚ್ಚಾದವು. ಅಗ್ಗದ ಮರುಮುದ್ರಣಗಳಲ್ಲಿ ಪುಟ ಉಳಿಸಲೆಂದು ಅವನ್ನು ಕೈಬಿಟ್ಟದ್ದನ್ನು ಕಂಡಿದ್ದೇನೆ. ಅದು ಸಾಕ್ಷಿಯನ್ನೇ ಕಿತ್ತು ಹಾಕಿದಂತೆ. ಇಂಥ ಕಾದಂಬರಿಯನ್ನು ಕನ್ನಡಕ್ಕೆ ತರುವಾಗ ನಕ್ಷೆಯನ್ನು ಬಿಡಬೇಡಿ. ಕೋಣೆಗಳ ಹೆಸರನ್ನು ಕನ್ನಡದಲ್ಲಿ ಬರೆಸಿ, ಕಿಟಕಿ ಬಾಗಿಲು ಇದ್ದಲ್ಲೇ ಇಟ್ಟು, ಒಂದು ಪೂರ್ತಿ ಪುಟ ಕೊಟ್ಟು ಅಚ್ಚು ಹಾಕಿಸಿ. ಕನ್ನಡದಲ್ಲಿ ಹೊಸದಾಗಿ ಪತ್ತೇದಾರಿ ಬರೆಯುವ ತರುಣರೂ ಇಲ್ಲಿದ್ದೀರಿ. ನಿಮ್ಮ ಕಥೆ ನಡೆಯುವುದು ಮಲ್ಲೇಶ್ವರದ ವಠಾರವಾಗಲಿ, ಸಕಲೇಶಪುರದ ತೋಟದ ಬಂಗಲೆಯಾಗಲಿ, ಮೊದಲು ಅದರ ನಕ್ಷೆ ಬರೆದುಕೊಳ್ಳಿ; ಪುಸ್ತಕದಲ್ಲೂ ಹಾಕಿಸಿ. ಓದುಗರು ಅದನ್ನು ಹಿಡಿದುಕೊಂಡು ಬರುತ್ತಾರೆ.